ಹನ್ನೊಂದು ಮಡೆ

ತೆಗೆದವಳು ನಾನಲ್ಲ.
ಸೋಮವಾರದ ಬಿಸಿಯೂಟದ ಸಾಲಿನಲ್ಲಿ
ಧರಣಿ ಮೊಟ್ಟೆಯನ್ನು ಇಡಿಯಾಗಿ ಬಾಯಿಗಿಟ್ಟುಕೊಂಡ ಗಳಿಗೆಗೆ
ಕಂಬದ ಹಿಂದಿನಿಂದ ಫೋನು ಎತ್ತಿದವನು ಉಲ್ಲಾಸ.
ಸುತ್ತ ಕತ್ತರಿಸಿ, ನೆತ್ತಿಗೊಂದು ಕೆಂಪು ಜುಟ್ಟು ಅಂಟಿಸಿ
ಸ್ಟಿಕರ್ ಮಾಡಿದವನು ಅವನಣ್ಣ, ಐಟಿಐ ಓದುವವನು.
ನಾನು ಬರೀ ಕಳಿಸಿದೆ.
ರಾತ್ರಿ ಒಂಬತ್ತೂ ನಲವತ್ತಕ್ಕೆ,
ವಿಜ್ಞಾನದ ನೋಟ್ಸು ಬರಕೊಳ್ಳುತ್ತೇನೆಂದು
ಈಸಿಕೊಂಡಿದ್ದ ಅಪ್ಪನ ಫೋನಿನಿಂದ,
ಹನ್ನೊಂದು ಜನಕ್ಕೆ.

ನಕ್ಕೆ ಕೂಡ. ಅದನ್ನು ಮುಚ್ಚಿಡುವುದಿಲ್ಲ.
ಕೆನ್ನೆ ಉಬ್ಬಿಸಿ ಕಣ್ಣರಳಿಸಿದ ಮುಖಕ್ಕೆ ಯಾರಾದರೂ ನಗುತ್ತಾರೆ.
ಅವರ ಮನೆಯಲ್ಲಿ ಇಬ್ಬರಿಗೆ ಒಂದು ಮೊಟ್ಟೆ
ಎಂದು ನನಗೆ ಗೊತ್ತಿತ್ತು.
ನಗುವಾಗ ನೆನಪಾಗಲಿಲ್ಲ.

ಮಂಗಳವಾರ ಅವಳು ಬಸ್ಸು ಹತ್ತುವ ಮೊದಲೇ
ಹಿಂದಿನ ಸೀಟಿನಿಂದ ಕೊಕ್ಕೊಕ್ಕೋ.
ಬುಧವಾರ ಬೆಂಚಿನ ಮೇಲೆ ಕೋಳಿಪುಕ್ಕ.
ಗುರುವಾರ ಕೆರಗೋಡಿನ ಅವಳ ಸೋದರತ್ತೆಗೆ
ಯಾರದೋ ಸೀಮಂತದ ಗ್ರೂಪಿನಲ್ಲಿ
ಶುಭೋದಯದ ಕೆಳಗೆ ಅದೇ ಮುಖ ಬಂತಂತೆ.
ಅವತ್ತು ಊಟದ ಗಂಟೆಗೆ
ಧರಣಿ ಗೋಡೆಗೆ ಮುಖಮಾಡಿ ಕೂತಳು.
ಮೊಟ್ಟೆ ಬೇಡ ಅಂದಳು. ಬಾಳೆಹಣ್ಣೂ ಬೇಡ.

ಗೋಡೆಯ ಮೇಲೆ ಮಕ್ಕಳ ಸಹಾಯವಾಣಿ,
ಒಂದು ಸೊನ್ನೆ ಒಂಬತ್ತು ಎಂಟು, ಹಳದಿ ಬಣ್ಣದಲ್ಲಿ.
ಆ ಸೊನ್ನೆಗೆ ಯಾರೋ ಕಣ್ಣು ಮೂಗು ಬಿಡಿಸಿದ್ದಾರೆ.
ಅದನ್ನೇ ನೋಡುತ್ತ ಅವಳು ಅನ್ನ ಕಲಸುತ್ತಿದ್ದಳು,
ಕಲಸುತ್ತಲೇ ಇದ್ದಳು.

ಮನೆಗೆ ಬಂದು ಅಳಿಸಲು ಹೋದೆ.
ಎಲ್ಲರಿಂದ ಅಳಿಸುವ ಹೊತ್ತು ಮೀರಿತ್ತು,
ನನ್ನ ಕಣ್ಣಿನಿಂದಷ್ಟೇ ಹೋಯಿತು.
ಮಾತು ಆಡಿದರೆ ಹೋಯಿತು ಅನ್ನುತ್ತಾಳೆ ಅಜ್ಜಿ.
ನಾನು ಆಡಲಿಲ್ಲವಲ್ಲ ಅಜ್ಜಿ,
ಹೆಬ್ಬೆರಳು ಅಷ್ಟೇ.

ಅಪ್ಪ ನೀರುಗಂಟಿ.
ಆ ರಾತ್ರಿ ಬ್ಯಾಟರಿ ಹಿಡಿದು ಏರಿ ಮೇಲೆ ಹೊರಟಾಗ ಬೆನ್ನು ಹತ್ತಿದೆ.
ಯಾರೋ ಸರದಿ ತಪ್ಪಿಸಿ ತೂಬು ಎತ್ತಿದ್ದರು,
ಕೆಳಗೆ ಮೊನ್ನೆ ನೆಟ್ಟ ಪೈರು ಮುಳುಗುತ್ತಿತ್ತು.
“ತೂಬು ಇಳಿಸಿದ್ರೆ ಆಯ್ತಲ್ವಪ್ಪ?”
“ಹೋಗಿರೋ ನೀರು ಹಿಂದಕ್ಕೆ ಬತ್ತದಾ ಮಗ?
ಹುಲಿಕೆರೆ ಸುರಂಗಕ್ಕೆ ನುಗ್ಗಿದ್ದು ವಾಪಸ್ ಕನ್ನಂಬಾಡಿಗೆ ಹತ್ತದಾ?
ತೂಬು ಇಳ್ಸು. ಆಮೇಲೆ ಒಂದೊಂದ್ ಗದ್ದೆಗೂ ಹೋಗಿ ಮಡೆ ಕಟ್ಟು.”
“ಎತ್ತಿದೋರು?”
“ಅವರ್ನ ಬೆಳಿಗ್ಗೆ ಕೇಳನ. ಈಗ ಪೈರು ನೋಡು.”

ಶುಕ್ರವಾರ ಶಾಲೆ ಬಿಟ್ಟಮೇಲೆ ಹೊರಟೆ.
ನಮ್ಮೂರಲ್ಲೇ ಏಳು, ಉಳಿದವು ನಾಲೆಯಾಚೆ.
ಮೂವರು ಎದುರಿಗೇ ಅಳಿಸಿದರು.
ಒಬ್ಬಳು, “ಯಾವಾಗ್ಲೋ ಹೋಯ್ತು ಕಣೆ, ಮೆಮೊರಿ ಫುಲ್ಲು.”
ಒಬ್ಬನ ಅಮ್ಮ ಮಜ್ಜಿಗೆ ಕೊಟ್ಟರು, ಅವನು ಹೊರಗೇ ಬರಲಿಲ್ಲ.
ಆಲೆಮನೆ ತಿರುವಿನಲ್ಲಿ ಉಲ್ಲಾಸ ಅಡ್ಡ ಸಿಕ್ಕಿ
ನನ್ನ ಮುಖಕ್ಕೇ ಫೋನು ಎತ್ತಿದ.
ಮುಚ್ಚಿಕೊಳ್ಳಲು ಕೈ ತಾನಾಗಿ ಎದ್ದಿತು.
ಆಗ ಗೊತ್ತಾಯಿತು,
ಮುಖ ಎಷ್ಟು ದೊಡ್ಡದು, ಕೈ ಎಷ್ಟು ಚಿಕ್ಕದು.
ಏಳನೆಯ ಮನೆ ಮುಗಿಯುವಾಗ ಕತ್ತಲು.

ಶನಿವಾರ ಹೆಡ್‌ಮೇಡಂ ಬಾಗಿಲಲ್ಲಿ ನಿಂತು
ಉಲ್ಲಾಸನ ಹೆಸರಿಗಿಂತ ಮೊದಲು ನನ್ನ ಹೆಸರು ಹೇಳಿದೆ.
ಅಪ್ಪನಿಗೆ ಕರೆ ಹೋಯಿತು. ಅದೇ ಫೋನಿಗೆ.
ಸಂಜೆ ಅಪ್ಪ ಬಚ್ಚಲಲ್ಲಿ ಸನಿಕೆ ತೊಳೆದು ಗೋಡೆಗೊರಗಿಸಿ
ಬಹಳ ಹೊತ್ತಿನ ಮೇಲೆ ಕೇಳಿದ:
“ಇನ್ನೆಷ್ಟು ಮಡೆ ಅವೆ?”
ನಾಕು, ಅಂದೆ.

ಸೋಮವಾರ. ಊಟದ ಗಂಟೆ.
ತಟ್ಟೆ ಹಿಡಿದು ಹೋಗಿ, ಒಂದು ಮೊಳ ಬಿಟ್ಟು,
ನಾನೂ ಗೋಡೆಗೆ ಮುಖಮಾಡಿ ಕೂತೆ.
ಧರಣಿ ನೋಡಲಿಲ್ಲ. ಸ್ವಲ್ಪ ಆಚೆ ಸರಿದಳು.
ಬೆನ್ನಿನ ಮೇಲೆ ನೂರು ಕಣ್ಣು.
ಯಾರೋ ಕೊಕ್ಕೊಕ್ಕೋ ಅಂದರು,
ಇಬ್ಬರಲ್ಲಿ ಯಾರಿಗೆಂದು ತಿಳಿಯಲಿಲ್ಲ.
ನನ್ನ ತಟ್ಟೆಯಲ್ಲಿ ಮೊಟ್ಟೆ, ಬೆಳ್ಳಗೆ, ಇನ್ನೂ ಬಿಸಿ.
ಮುರಿದು ತಿನ್ನಬಹುದಿತ್ತು.

ಇಡಿಯಾಗಿ ಬಾಯಿಗಿಟ್ಟುಕೊಂಡೆ.