ಜೀರುಗುಣಿಕೆ

ಮೂರು ನಿಮಿಷಕ್ಕೆ ಒಂದು ಸಲ, ನಾಲ್ಕಕ್ಕೆ ಎರಡು ಸಲ.
ಗಂಟೆ ನನ್ನ ಕೈಯಲ್ಲಿ, ಗಡಿಯಾರ ಮೇಷ್ಟರ ಮೊಬೈಲಿನಲ್ಲಿ.
ಮಂಡ್ಯದ ಕಾಲೇಜು, ಆಗಸ್ಟ್ ಹದಿನಾಲ್ಕರ ಮಧ್ಯಾಹ್ನ.
ಹೊರಗೆ ಕಬ್ಬಿನ ಲಾರಿ ಕೆಟ್ಟು ನಿಂತು ರಸ್ತೆಯೆಲ್ಲ ಹಾರ್ನು.
ಒಳಗೆ ಬೋರ್ಡಿನ ಮೇಲೆ ಸೀಮೆಸುಣ್ಣದ ಪ್ರಶ್ನೆ:
ದೇಶವೊಂದು ತನ್ನ ಬಾವುಟ ಬದಲಿಸಬಹುದೇ?

ಪರ, ವಿರೋಧ ಅವರವರ ಇಷ್ಟವಲ್ಲ. ಚೀಟಿ.
ಟಿಫನ್ ಡಬ್ಬಿಯ ಮುಚ್ಚಳದಲ್ಲಿ ನಾನೇ ಕಲಸಿದ್ದು.
ಎನ್‌ಸಿಸಿ ಹುಡುಗ ಲೋಹಿತಾಶ್ವನಿಗೆ ‘ಬದಲಿಸಬಹುದು’ ಬಂತು,
ಮುಖ ಎಳೆ ಹುಣಸೆಕಾಯಿ ಕಚ್ಚಿದ ಹಾಗಾಯಿತು.
ಗುತ್ತಲಿನ ತಸ್ಲೀಮಾಳಿಗೆ ‘ಕೂಡದು’.
ಚೀಟಿ ಮಡಿಸಿ ಜಾಮಿಟ್ರಿ ಬಾಕ್ಸಿಗೆ ಹಾಕಿಕೊಂಡಳು,
ಏನೂ ಅನ್ನಲಿಲ್ಲ.

ಹುಡುಗ ಮೊದಲು ತೊದಲಿದ. ಒಂದು ನಿಮಿಷ ಹಾಗೇ ಹೋಯಿತು.
ಆಮೇಲೆ ಎಲ್ಲಿಂದ ಬಂತೋ:
‘ಇಲ್ಲೇ ಮದ್ದೂರಿನ ಪಕ್ಕ ಶಿವಪುರ.
ಅಲ್ಲಿ ನಮ್ಮ ಹಿರಿಯರು ಏರಿಸಿದ ಬಾವುಟದಲ್ಲಿ ಚರಕವಿತ್ತು.
ಈಗ ಚಕ್ರ. ನೂಲುವುದು ಹೋಗಿ ಉರುಳುವುದು ಬಂತು.
ಬದಲಿಸಿದವರು ದ್ರೋಹಿಗಳೇ?
ಬಟ್ಟೆ ದೊಡ್ಡದೋ, ಮೈ ದೊಡ್ಡದೋ?’
ಗಂಟೆ ಹೊಡೆದೆ. ಅವನಿಗೆ ಕೇಳಿಸಲಿಲ್ಲ.
ಎರಡು ಸಲ ಹೊಡೆದೆ. ಚಪ್ಪಾಳೆಯಲ್ಲಿ ಅದೂ ಮುಳುಗಿತು.
ಇಳಿದು ಬಂದವನ ಕೈ ನಡುಗುತ್ತಿತ್ತು,
ಗೆದ್ದವನ ನಡುಕವಲ್ಲ ಅದು.

ತಸ್ಲೀಮಾ ದನಿ ಎತ್ತಲೇ ಇಲ್ಲ.
‘ನಮ್ಮಣ್ಣನ ಸೈಕಲ್ ಶಾಪಿನ ಶಟರಿನ ಮೇಲೆ
ಒಂದು ಬಾವುಟ ಇದೆ, ಪೇಂಟಿನದು.
ನಾಳೆ ಹೊಸದು ಬಂದರೆ ಮೊದಲು ಯಾರನ್ನು ಕೇಳುತ್ತಾರೆ,
ಅಳಿಸಿದೆಯಾ, ಬರೆಸಿದೆಯಾ ಅಂತ?
ನಿಮಗೆ ತಡವಾದರೆ ಮರೆವು.
ನಮಗೆ ತಡವಾದರೆ—’
ಅಷ್ಟಕ್ಕೆ ನಿಲ್ಲಿಸಿದಳು. ಇನ್ನೂ ಎರಡು ನಿಮಿಷವಿತ್ತು.
ಗಂಟೆ ಹಿಡಿದ ಕೈಗೆ ಕೆಲಸವೇ ಇರಲಿಲ್ಲ.

ತೀರ್ಪುಗಾರರು ಮೈಸೂರಿನವರು.
ಸಮತೋಲ ಅನ್ನುವ ಮಾತು ಆರು ಸಲ ಆಡಿ
ಮೊದಲ ಬಹುಮಾನವನ್ನು ಮೂರನೆಯವನಿಗೆ ಕೊಟ್ಟು
ನಾಲ್ಕೂವರೆಯ ರೈಲಿಗೆ ಹೊರಟರು.

ನನ್ನ ತಾತ ಶಿವಪುರಕ್ಕೆ ಹೋಗಿದ್ದನಂತೆ, ಹದಿಮೂರರ ಹೈದ.
ಚಿಕ್ಕವಳಿದ್ದಾಗ ಕೇಳಿದ್ದೆ: ಬಾವುಟ ಹೆಂಗಿತ್ತು ತಾತ?
‘ಯಾವನ್ ನೋಡ್ದೋನು ಕೂಸೆ, ಲಾಠಿ ಬತ್ತಿತ್ತು, ಓಡ್ತಿದ್ದೆ.
ಬೆನ್ನಿಂದೆ ಪಟಪಟ ಅಂತಿತ್ತು. ಅಷ್ಟೇಯ ಗೊತ್ತಿರಾದು.’

ಸಂಜೆ ಕಂಬದ ಕಟ್ಟೆಯ ಮೇಲೆ ಕೂತೆ, ತಾಲೀಮಿಗೆ.
ಇಪ್ಪತ್ತೆರಡು ವರ್ಷದಿಂದ ಇದು ನನ್ನದೇ ಕೆಲಸ:
ಚೆಂಡುಹೂವಿನ ಎಸಳು ಬಿಡಿಸಿ, ಬಟ್ಟೆಯ ಮಡಿಲು ತುಂಬಿ,
ಜೀರುಗುಣಿಕೆ ಹಾಕುವುದು.
ಸಡಿಲವಾದರೆ ಅತಿಥಿ ಬರುವ ಮುಂಚೆ ಹೂವೆಲ್ಲ ನನ್ನ ತಲೆಮೇಲೆ.
ಬಿಗಿಯಾದರೆ ಅವರು ಜಗ್ಗುತ್ತಲೇ ಇರುತ್ತಾರೆ,
ಶುರು ಮಾಡುವುದೋ ಬೇಡವೋ ತಿಳಿಯದೆ
ಹಾಡುವ ಹುಡುಗಿಯರು ಬಾಯಿ ತೆರೆದುಕೊಂಡು ನಿಂತಿರುತ್ತಾರೆ.
ಒಂದು ವರ್ಷ ಹಾಗಾಯಿತು. ಮೆಮೊ ಬಂದದ್ದು ನನಗೆ.
ಬೀರುವಿನಲ್ಲಿ ಹಳೆಯವು ಮೂರಿವೆ.
ಬಿಸಿಲಿಗೆ ಮೊದಲು ಮಾಸುವುದು ಯಾವ ಬಣ್ಣ ಅಂತ ನನಗೆ ಗೊತ್ತು.
ಹೇಳುವುದಿಲ್ಲ. ಅದಕ್ಕೂ ಎರಡು ಪಕ್ಷವಾಗುತ್ತದೆ.

ಲೋಹಿತಾಶ್ವ ಬಂದು ನಿಂತ.
‘ಜವನಮ್ಮ, ನಾನಂದಿದ್ದು ತಪ್ಪಾ?’
ಚೀಟಿ ಅಂದಿದ್ದು ಕಣಪ್ಪ, ಅಂದೆ. ಹಿಡ್ಕೊ ಈ ಕಡೆ.
ಹೌದಾ, ಚೀಟಿಯೇ ಅಂದಿದ್ದಾ? ಅಷ್ಟು ಚೆನ್ನಾಗಿ?
ಅದನ್ನು ಅವನೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಬಟ್ಟೆಗೆ ಇನ್ನೊಂದು ಕೈ ಬೇಕಿತ್ತು.
ಗೇಟಿನಲ್ಲಿ ತಸ್ಲೀಮಾ ಆಟೋಗೆ ಕಾಯುತ್ತಿದ್ದಳು.
ಕರೆಯೋಣ ಅಂತ ಬಾಯಿ ತೆರೆದೆ,
ಕರೆದರೆ ಅದೂ
ಅವಳನ್ನು ಕೇಳಿದ ಹಾಗೇ ಆಗುತ್ತದಲ್ಲ.

ಮಂಡಿಗೆ ಅಂಚು ಸಿಕ್ಕಿಸಿಕೊಂಡು ಗಂಟು ಹಾಕಿದೆ,
ಒಮ್ಮೆ ಎಳೆದು ನೋಡಿದೆ,
ಬಿಚ್ಚಿ, ಮತ್ತೆ ಹಾಕಿದೆ.