ಏಳನೇ ಕಾಲಂ

ಉಪ್ಪಳದ ನನ್ನ ಮೇಜಿಗೆ ಮೂರು ಕಾಲು ನೆಟ್ಟಗಿವೆ,
ನಾಲ್ಕನೆಯದರ ಅಡಿಗೆ ಹಳೆಯ ಸ್ಟಾಂಪ್ ಪೇಪರಿನ ಮಡಿಕೆ.
ಎದುರು ವಾರಿಜಕ್ಕ. ಬಲಗಾಲಲ್ಲಿ ಸ್ಟೀಲಿನ ಸಲಾಕೆ,
ಬೀಡಿಯ ಮೊರ ಇರಬೇಕಾದ ಮಡಿಲಲ್ಲಿ ಎಕ್ಸ್‌ರೇ ಕವರು.

ಎಫ್‌ಐಆರ್ ಮಲಯಾಳದಲ್ಲಿದೆ. ಕನ್ನಡಕ್ಕೆ ತಂದು ಓದುತ್ತೇನೆ,
ಅವಳು ತುಳುವಿನಲ್ಲಿ ಹೂಂಗುಟ್ಟುತ್ತಾಳೆ.
ಅಜ್ಞಾತ ವಾಹನ ಎಂಬುದು ಮಾತ್ರ
ಮೂರು ಭಾಷೆಯಲ್ಲೂ ಒಂದೇ ವೇಗದಲ್ಲಿ ಹಾದುಹೋಗುತ್ತದೆ.

"ಸಿಕ್ಕಿದರೆ ಟ್ರಿಬ್ಯೂನಲ್ಲು, ಅವನ ವಿಮೆ, ನಿಮ್ಮ ದುಡಿಮೆಯ ಲೆಕ್ಕ.
ಸಿಗದಿದ್ದರೆ ಸರಕಾರದ ಐವತ್ತು ಸಾವಿರ, ಅಷ್ಟೆ."
"ಸತ್ತಿದ್ದರೆ?"
"ಎರಡು ಲಕ್ಷ."
ನೂಲು ಹಲ್ಲಲ್ಲಿ ಕಚ್ಚಿದ ಹಾಗೆ ನಗುತ್ತಾಳೆ:
"ಬದುಕಿ ಒಂದೂವರೆ ಲಕ್ಷ ನಷ್ಟ ಮಾಡಿದೆನಲ್ಲ ಮಾರಾಯ್ರೆ."

ಹೆದ್ದಾರಿ ಅಗಲವಾದಂದಿನಿಂದ ರೇಷನ್ ಅಂಗಡಿ ಆಚೆ ದಡದಲ್ಲಿ.
ಅವಳಿಗೆ ನೆನಪಿರುವುದು ಇಷ್ಟು:
ಕಾರು ತುಸು ದೂರ ಹೋಗಿ, ನಿಲ್ಲುವ ಹಾಗೆ ಮಾಡಿ,
ಹಿಂದಿನ ಕೆಂಪು ದೀಪ ಒಂದೇ ಒಂದು ಹೊತ್ತಿತು,
ಆರಿತು.

ಏಳನೇ ಕಾಲಂ: ವಾಹನದ ನಂಬರು, ಚಾಲಕನ ಹೆಸರು.
ಗೊತ್ತಿಲ್ಲ ಎಂದು ಬರೆಯಹೊರಟೆ.
ತಂಬಾಕು ವಾಸನೆಯ ಬೆರಳು ಪೆನ್ನಿನ ಮೇಲೆ ಬಂತು.
"ಗೊತ್ತಿಲ್ಲದ್ದು ನನಗೆ. ಅವನಿಗೆ ಗೊತ್ತುಂಟು.
ಅದನ್ನು ಬರೆಯಲಿಕ್ಕೆ ಜಾಗ ಉಂಟಾ?"

ಕಾಗದದ ಅಂಚಿನಲ್ಲಿ ಕನ್ನಡದಲ್ಲೇ ಬರೆದೆ,
ಕಾಸರಗೋಡಿನ ಆ ಆಫೀಸಿನಲ್ಲಿ ಓದುವವರು ಇರಲಿ, ಇಲ್ಲದಿರಲಿ.
ಬೇಡವೆಂದರೂ ಇಪ್ಪತ್ತು ರೂಪಾಯಿ ಇಟ್ಟು ಎದ್ದಳು.

ಆಮೇಲೆ ಬಹಳ ಹೊತ್ತು ನೋಡಿದೆ,
ಊರುಗೋಲು ಹಿಡಿದು
ರಸ್ತೆಯ ಅಂಚಿನಲ್ಲೇ ನಿಂತಿದ್ದಳು.