ಉಪ್ಪು ನೋಡುವವರು

ಕಾರಟಗಿಯ ಬಸ್ ನಿಲ್ದಾಣದ ಎದುರು
ಇಪ್ಪತ್ತಾರು ವರ್ಷ ಒಗ್ಗರಣಿ ಕಲಸಿದ ಕೈ ಇದು.
ಬುಟ್ಟಿ ಮಂಡಕ್ಕಿಗೆ ಉಪ್ಪೆಷ್ಟು ಅಂತ ಕೇಳಿದರೆ
ನಾನು ಹೇಳಲಾರೆ, ಬೆರಳು ಹೇಳುತ್ತಿತ್ತು,
ನಾಲಿಗೆ ಬರೀ ರುಜು ಹಾಕುತ್ತಿತ್ತು.

ಈಗ ನಾಲಿಗೆ ಸಸ್ಪೆಂಡು.

ಕ್ರಿಯಾಟಿನಿನ್ ನಾಲ್ಕು ಪಾಯಿಂಟ್ ಒಂದು.
ಗಂಗಾವತಿಯ ಡಾಕ್ಟರಮ್ಮ ಅಂಕಿಯ ಸುತ್ತ
ನೀಲಿ ಪೆನ್ನಲ್ಲಿ ಸೊನ್ನೆ ಸುತ್ತಿದರು,
ಸಂತೆಯಲ್ಲಿ ಮಾರಿಹೋದ ಹೋರಿಗೆ ಗುರುತು ಹಾಕಿದಂತೆ.
"ಮೊಣಕಾಲಿಗೆ ನೋವಿನ ಗುಳಿಗೆ ಎಷ್ಟು ವರ್ಷ ನುಂಗಿದಿರಿ?"
ಒಲೆ ಮುಂದೆ ನಿಂತಷ್ಟು ವರ್ಷ, ಅಂದೆ.
ಚೀಟಿ ಇಲ್ಲದೆ ಕೊಟ್ಟವನ ಹೆಸರು ಹೇಳಲಿಲ್ಲ;
ಅವನೂ ನನ್ನ ಗಿರಾಕಿ.

ಪುಂಡಿಪಲ್ಲೆ ಬಿಟ್ಟೆ. ಶೇಂಗಾ ಹಿಂಡಿ ಬಿಟ್ಟೆ.
ತಂಪು, ಒಳ್ಳೇದು ಅಂತ ಎಳನೀರು ತಂದ ಅಳಿಯ
ಪಥ್ಯದ ಹಾಳೆ ಓದಿ
ತಾನೇ ಕುಡಿದು ಹೋದ.
ಹುಲಿಗೆಮ್ಮ ಆಲೂಗಡ್ಡೆ ಹೆಚ್ಚಿ ನೆನೆಹಾಕಿ
ಕುದಿಸಿ, ನೀರು ಬಸಿದು ಚೆಲ್ಲುತ್ತಾಳೆ.
"ಸತ್ವ ಎಲ್ಲಾ ಗಟಾರಕ್ಕ, ಚರಟ ನಿನಗ"
ಅಂತ ನಗುತ್ತಾಳೆ, ತಾನೂ ಅದನ್ನೇ ಉಣ್ಣುತ್ತಾಳೆ.
ಉಪ್ಪಿನಕಾಯಿ ಭರಣಿ ಅಟ್ಟ ಏರಿದೆ.
ಮಧ್ಯಾಹ್ನ ನಾನು ಅಡ್ಡಾದ ಮೇಲೆ
ಏಣಿ ಕಿರ್ರೆನ್ನುವುದು ಕೇಳಿಸುತ್ತದೆ.
ಗೋಡೆ ಕಡೆ ಹೊರಳುತ್ತೇನೆ.

ನೀರಿಗೂ ಲೆಕ್ಕ, ದಿನಕ್ಕೆ ಒಂದೂವರೆ ಚಂಬು.
ಎಡದಂಡೆ ಕಾಲುವೆ ತುಂಬಿ ಹರಿಯುವ ಊರಲ್ಲಿ
ಗುಟುಕು ಎಣಿಸುವವನು ನಾನೊಬ್ಬನೇ ಅಂದುಕೊಂಡಿದ್ದೆ;
ಆಸ್ಪತ್ರೆಯ ಬೆಂಚಿನ ಮೇಲೆ
ನಮ್ಮೂರವರೇ ಏಳು ಮಂದಿ, ಫೈಲು ಹಿಡಿದು.
ಎಲ್ಲರೂ ನನ್ನ ಮಿರ್ಚಿ ತಿಂದವರು.
ಯಾರೂ ಏನೂ ಅನ್ನಲಿಲ್ಲ.
ಒಬ್ಬರು ಸರಿದು ಜಾಗ ಕೊಟ್ಟರು.

ನಸುಕಿನ ಐದಕ್ಕೆ ಮಂಡಕ್ಕಿ ತೊಯಿಸಿ ಹಿಂಡಿ
ಸಾಸಿವೆ ಸಿಡಿಸಿ, ಕಲಸಿ,
ಬಾಯಿಗೆ ಹೊರಟ ಕೈಯನ್ನು ಅರ್ಧದಲ್ಲೇ ತಡೆಯುತ್ತೇನೆ.
ಮೊದಲು ಬರುವವನು ರೈಸ್ ಮಿಲ್ಲಿನ ಹಮಾಲ ಮರ್ದಾನಸಾಬ,
ಮೈತುಂಬ ತೌಡು, ರೆಪ್ಪೆಯ ಮೇಲೂ.
ಅವನ ಅಂಗೈಗೆ ಒಂದು ಹಿಡಿ ಹಾಕುತ್ತೇನೆ.
ಕಣ್ಣು ಮುಚ್ಚಿ ಅಗಿಯುತ್ತಾನೆ,
ಲ್ಯಾಬಿನ ಹುಡುಗ ಸೀಸೆಯನ್ನು ಬೆಳಕಿಗೆ ಹಿಡಿದಂತೆ.
ನಾನು ಅವನ ದವಡೆ ನೋಡುತ್ತ ನಿಲ್ಲುತ್ತೇನೆ,
ರಿಪೋರ್ಟಿಗೆ ಕಾದಂತೆ.

"ಬರೋಬರಿ ಐತಿ, ದುರುಗಪ್ಪಣ್ಣ."

ಕೆಲವು ದಿನ ಮಾತ್ರ
"ಇನ್ನ ಚೂರು ಬೀಳಬೇಕು" ಅನ್ನುತ್ತಾನೆ.
ಉಪ್ಪಿನ ಡಬ್ಬಿಯ ಒಳಗೆ ಕೈ ಇಳಿಸಿ
ಬರಿದೇ ಎತ್ತಿ
ಬುಟ್ಟಿಯ ಮೇಲೆ ಬೆರಳು ಉಜ್ಜುತ್ತೇನೆ.
ಕಲಸುತ್ತೇನೆ. ಇನ್ನೊಂದು ಹಿಡಿ ಕೊಡುತ್ತೇನೆ.

ಅಗಿಯುತ್ತಾನೆ.
"ಹಾಂ, ಈಗ ನೋಡು!"